ಜೂಜಿನ ದುಡ್ಡು ಎಲ್ಲಿಗೆ ಹೋಯಿತು?

ಜಪಾನಿನಲ್ಲಿ ಜೂಜಾಡುವುದು ಅಪರಾಧ. 1907ರ ದಂಡಸಂಹಿತೆಯ 185ನೇ ವಿಧಿಯ ಪ್ರಕಾರ ಜೂಜಾಡಿದವರಿಗೆ ಇವತ್ತು 5 ಲಕ್ಷ ಯೆನ್‌ವರೆಗೆ ದಂಡ. ಅದನ್ನೇ ಚಟ ಮಾಡಿಕೊಂಡವರಿಗೆ 186ನೇ ವಿಧಿಯಲ್ಲಿ 3 ವರ್ಷದವರೆಗೆ ಜೈಲು, ಜೂಜುಕಟ್ಟೆ ನಡೆಸಿ ಲಾಭ ಮಾಡಿಕೊಂಡವರಿಗೆ 5 ವರ್ಷದವರೆಗೆ. 187ನೇ ವಿಧಿ ಲಾಟರಿ ಮಾರುವವರಿಗೆ ಮೀಸಲು. ಗೆಳೆಯರಿಬ್ಬರು ಒಂದು ಹೊತ್ತಿನ ಊಟವನ್ನು ಪಣಕ್ಕಿಟ್ಟರೆ ಕಾನೂನು ಕಣ್ಣುಮುಚ್ಚಿಕೊಳ್ಳುತ್ತದೆ. ದುಡ್ಡು ಪಣಕ್ಕಿಟ್ಟರೆ ಮೊತ್ತ ಎಷ್ಟೇ ಚಿಕ್ಕದಿರಲಿ, ಅದು ಜೂಜು.

ಇಷ್ಟನ್ನು ಓದಿಕೊಂಡು ಟೋಕಿಯೋದಲ್ಲಿ ಇಳಿದವರು ಮೊದಲ ದಿನವೇ ತಬ್ಬಿಬ್ಬಾಗುತ್ತಾರೆ. ರೈಲು ನಿಲ್ದಾಣದಿಂದ ಹೊರಗೆ ಕಾಲಿಟ್ಟರೆ ಎದುರಿಗೇ ಪಚಿಂಕೊ ಅಂಗಡಿ. ಬಾಗಿಲು ತೆರೆದಾಗಲೆಲ್ಲ ಸಾವಿರಾರು ಉಕ್ಕಿನ ಗುಂಡುಗಳ ಸದ್ದು ರಸ್ತೆಗೆ ಸುರಿಯುತ್ತದೆ. ಪಕ್ಕದ ಗೂಡಂಗಡಿಯಲ್ಲಿ ಲಾಟರಿ ಟಿಕೆಟ್ಟು. ವಾರಾಂತ್ಯದ ಪತ್ರಿಕೆಗಳಲ್ಲಿ ಪುಟಗಟ್ಟಲೆ ಕುದುರೆಗಳ ವಂಶಾವಳಿ. ದೇಶದ ತುಂಬ ಬಾಜಿ ಕಟ್ಟಲೆಂದೇ ಕಟ್ಟಿದ ಕುದುರೆ, ಸೈಕಲ್, ಮೋಟಾರ್‌ಸೈಕಲ್, ದೋಣಿಗಳ ಕ್ರೀಡಾಂಗಣಗಳು. ಇವೆಲ್ಲವೂ ಕಾನೂನುಬದ್ಧ. ಒಂದೊಂದಕ್ಕೂ ಒಂದೊಂದು ವಿಶೇಷ ಕಾಯ್ದೆಯಿದೆ, ಒಂದೊಂದನ್ನೂ ಒಂದೊಂದು ಸಚಿವಾಲಯ ನೋಡಿಕೊಳ್ಳುತ್ತದೆ. ಕುದುರೆ ಕೃಷಿ ಸಚಿವಾಲಯದ್ದು. ಸೈಕಲ್ಲು, ಮೋಟಾರ್‌ಸೈಕಲ್ಲು ಕೈಗಾರಿಕೆಯವರದ್ದು. ದೋಣಿ ಸಾರಿಗೆಯವರದ್ದು. ಲಾಟರಿ ಆಂತರಿಕ ವ್ಯವಹಾರಗಳದ್ದು. ಫುಟ್‌ಬಾಲ್ ಲಾಟರಿ ಶಿಕ್ಷಣ ಸಚಿವಾಲಯದ್ದು! ಪಚಿಂಕೊ ಮಾತ್ರ ಪೊಲೀಸರ ಉಸ್ತುವಾರಿಯಲ್ಲಿದೆ. ಯಾಕೆಂದರೆ ಕಾನೂನಿನ ಕಡತದಲ್ಲಿ ಅದು ಜೂಜೇ ಅಲ್ಲ, ಮನರಂಜನೆ.

ನಾನು ಜಪಾನಿಗೆ ಹೋದದ್ದು ಜೂಜು ನೋಡಲು ಅಲ್ಲ. ನನ್ನ ಪಿಎಚ್.ಡಿ. ವಿಷಯ ಇಪ್ಪತ್ತನೇ ಶತಮಾನದ ಕುಷ್ಠರೋಗ ಚಿಕಿತ್ಸೆಯ ಚರಿತ್ರೆ. ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಹಳೆಯ ಆರೋಗ್ಯ ಕಾರ್ಯಕರ್ತರನ್ನು ಮಾತಾಡಿಸುತ್ತ, ಆ ಮಾತ್ರೆಗಳಿಗೆ ಹಣ ಎಲ್ಲೆಲ್ಲಿಂದ ಬಂತು ಎಂದು ಹುಡುಕುತ್ತ ಹೋದೆ. ಆ ಹಣದ ಒಂದು ತೊರೆ ಟೋಕಿಯೋ ಕೊಲ್ಲಿಯ ದೋಣಿಪಂದ್ಯದ ಕೊಳದಲ್ಲಿ ಹುಟ್ಟುತ್ತದೆ. ಈ ಪ್ರಬಂಧ ಆ ತೊರೆಯ ಜಾಡು.

ಜೂಜನ್ನು ನಿಷೇಧಿಸುವುದೂ ಅದನ್ನು ಒಳಗೆ ಕರೆದುಕೊಳ್ಳುವುದೂ ಜಪಾನಿನ ಚರಿತ್ರೆಯಲ್ಲಿ ಜೊತೆಜೊತೆಯಾಗಿಯೇ ನಡೆದುಬಂದಿವೆ. 'ನಿಹೊನ್ ಶೊಕಿ' ಎಂಬ ಪ್ರಾಚೀನ ವೃತ್ತಾಂತದ ಪ್ರಕಾರ ಕ್ರಿ.ಶ. 685ರಲ್ಲಿ ತೆಮ್ಮು ಚಕ್ರವರ್ತಿ ಅರಮನೆಯಲ್ಲಿಯೇ ಜೂಜಾಡಿಸಿ ನೋಡಿದ. ನಾಲ್ಕೇ ವರ್ಷಗಳ ನಂತರ, 689ರಲ್ಲಿ, ಅವನ ಪತ್ನಿ ಜಿತೊ ಪಟ್ಟದಲ್ಲಿದ್ದಾಗ ಸುಗೊರೊಕು ಎಂಬ ದಾಳದಾಟವನ್ನು ನಿಷೇಧಿಸಿದಳು. ಸುಗೊರೊಕು ನಮ್ಮ ಪಗಡೆಯ ದೂರದ ನಂಟ. ಹನ್ನೊಂದನೇ ಶತಮಾನದ ಶಿರಕಾವಾ ಚಕ್ರವರ್ತಿ ತನ್ನ ಮಾತು ಕೇಳದ ಮೂರರ ಪಟ್ಟಿಯಲ್ಲಿ ಕಾಮೊ ನದಿಯ ಪ್ರವಾಹ, ಬೆಟ್ಟದ ಮಠದ ಸನ್ಯಾಸಿಗಳ ಜೊತೆಗೆ ದಾಳವನ್ನೂ ಸೇರಿಸಿದ್ದನಂತೆ. ದಾಳಕ್ಕೆ ರಾಜ್ಯವನ್ನೇ ಒಡ್ಡಿದ ಧರ್ಮರಾಯನ ಕಥೆ ಕೇಳಿ ಬೆಳೆದ ನಮಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಎದೊ ಕಾಲಕ್ಕೆ, ಅಂದರೆ ಹದಿನೇಳರಿಂದ ಹತ್ತೊಂಬತ್ತನೇ ಶತಮಾನದ ಹೊತ್ತಿಗೆ, ಜೂಜು ದೇವಸ್ಥಾನದ ಅಂಗಳಕ್ಕೆ ಬಂದಿತ್ತು. ಊರಿನ ನ್ಯಾಯಾಧಿಕಾರಿಯ ಅಧಿಕಾರ ದೇವಾಲಯದ ಆವರಣದೊಳಗೆ ನಡೆಯುತ್ತಿರಲಿಲ್ಲ. ಅದಕ್ಕೆ ಬೇರೆ ಅಧಿಕಾರಿ ಇದ್ದ. ಈ ಸಂದಿಯನ್ನು ಬಳಸಿಕೊಂಡು ದಾಳದ ಜೂಜುಕೋರರು ಅಲ್ಲಿ ಚಾಪೆ ಹಾಸಿದರು. ಜೂಜು ನಡೆಸುವವನು ಆಟಗಾರರಿಂದ ಎತ್ತಿಕೊಳ್ಳುವ ಪಾಲಿಗೆ ಜಪಾನಿ ಭಾಷೆಯಲ್ಲಿ ಇಂದಿಗೂ 'ತೆರಾಸೆನ್' ಎನ್ನುತ್ತಾರೆ. ತೆರಾ ಎಂದರೆ ದೇಗುಲ, ಸೆನ್ ಎಂದರೆ ಕಾಸು. ದೇವರ ಕಾಸು! ಯಾಕುಜಾ ಎಂಬ ಹೆಸರೂ ಜೂಜಿನ ಚಾಪೆಯ ಮೇಲೇ ಹುಟ್ಟಿದ್ದು ಎನ್ನುತ್ತಾರೆ. ಒಂದು ಬಗೆಯ ಇಸ್ಪೀಟಾಟದಲ್ಲಿ ಎಂಟು, ಒಂಬತ್ತು, ಮೂರು ಬಂದರೆ ಮೊತ್ತ ಇಪ್ಪತ್ತು. ಕೊನೆಯ ಅಂಕಿಯಷ್ಟೇ ಲೆಕ್ಕವಾದ್ದರಿಂದ ಬೆಲೆ ಸೊನ್ನೆ. ಯಾ, ಕು, ಸಾ ಎಂಬ ಆ ಮೂರು ಅಂಕಿಗಳು ಕೆಲಸಕ್ಕೆ ಬಾರದವನಿಗೆ ಹೆಸರಾದವು. ಹೂವಿನ ಚಿತ್ರಗಳ 48 ಎಲೆಗಳ 'ಹನಫುದಾ' ಇಸ್ಪೀಟನ್ನು ತಯಾರಿಸಿ ಮಾರಲು 1889ರಲ್ಲಿ ಕ್ಯೋಟೊದಲ್ಲಿ ಶುರುವಾದ ಒಂದು ಅಂಗಡಿಯ ಹೆಸರು ನಿಂಟೆಂಡೊ. ಇವತ್ತು ಜಗತ್ತಿನ ಮಕ್ಕಳೆಲ್ಲ ಆಡುವ ವಿಡಿಯೋ ಗೇಮ್‌ಗಳ ಕಂಪನಿ ಅದೇ.

ದೇವಸ್ಥಾನಗಳು ಜೂಜಿಗೆ ಜಾಗ ಕೊಟ್ಟು ಸುಮ್ಮನಿರಲಿಲ್ಲ. ಗೋಪುರ ಸೋರಿದರೆ, ಬೆಂಕಿ ಬಿದ್ದು ಮಂಟಪ ಸುಟ್ಟರೆ, ದುರಸ್ತಿಯ ಹಣಕ್ಕಾಗಿ ಶೋಗುನ್ ಸರ್ಕಾರದ ಅನುಮತಿ ಪಡೆದು 'ತೊಮಿಕುಜಿ' ಎಂಬ ಲಾಟರಿ ನಡೆಸುತ್ತಿದ್ದವು. ದೊಡ್ಡ ಪೆಟ್ಟಿಗೆಯೊಳಗೆ ಸಂಖ್ಯೆ ಬರೆದ ಮರದ ಬಿಲ್ಲೆಗಳು. ಮೇಲಿನ ತೂತಿನಿಂದ ಉದ್ದನೆಯ ದಬ್ಬಳದಂಥ ಸಲಾಕೆಯನ್ನು ಇಳಿಸಿ ಚುಚ್ಚಿದರೆ ಸಿಕ್ಕಿಕೊಂಡು ಬಂದ ಬಿಲ್ಲೆಯೇ ಗೆದ್ದ ಸಂಖ್ಯೆ. ಎದೊ ನಗರದಲ್ಲಿ ಯನಕಾ, ಮೆಗುರೊ, ಯುಶಿಮಾ ಎಂಬ ಮೂರು ಕ್ಷೇತ್ರಗಳ ಲಾಟರಿ ಪ್ರಸಿದ್ಧವಾಗಿತ್ತು. ಇದರ ಮೂಲ ಒಸಾಕಾ ಬಳಿಯ ಮಿನೊ ಬೆಟ್ಟದ ರ್ಯೂಆನ್‌ಜಿ ದೇವಾಲಯ ಎನ್ನುತ್ತಾರೆ. ಅಲ್ಲಿ ಮೊದಲು ಗೆದ್ದವರಿಗೆ ಸಿಗುತ್ತಿದ್ದದ್ದು ಹಣವಲ್ಲ, ದೇವರ ರಕ್ಷೆ. ಮಿನೊ ಎಂಬ ಊರಿನ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ. 1842ರಲ್ಲಿ ತೆನ್‌ಪೊ ಸುಧಾರಣೆಯ ಹೆಸರಿನಲ್ಲಿ ಸರ್ಕಾರ ಈ ಲಾಟರಿಗಳನ್ನೆಲ್ಲ ನಿಲ್ಲಿಸಿತು. ನಂತರ ಸುಮಾರು ನೂರು ವರ್ಷ ಜಪಾನಿನಲ್ಲಿ ಲಾಟರಿ ಇರಲಿಲ್ಲ.

ಅದನ್ನು ಮರಳಿ ತಂದದ್ದು ಯುದ್ಧ. 1945ರ ಜುಲೈ ತಿಂಗಳು. ಟೋಕಿಯೋ ಸುಟ್ಟು ಬೂದಿಯಾಗಿತ್ತು, ಖಜಾನೆ ಬರಿದಾಗಿತ್ತು. ಸರ್ಕಾರ 10 ಯೆನ್‌ಗೆ ಒಂದರಂತೆ 'ಕಚಿಫುದಾ', ಅಂದರೆ ವಿಜಯದ ಚೀಟಿ, ಎಂಬ ಲಾಟರಿ ಮಾರಿತು. ಮೊದಲ ಬಹುಮಾನ 1 ಲಕ್ಷ ಯೆನ್. ಬಹುಮಾನ ಎತ್ತುವ ದಿನ ಬರುವ ಮೊದಲೇ, ಆಗಸ್ಟ್ 15ರಂದು, ಜಪಾನ್ ಶರಣಾಯಿತು. ಜನ ಆ ಚೀಟಿಗೆ 'ಮಕೆಫುದಾ' ಎಂದು ಹೆಸರಿಟ್ಟರು: ಸೋಲಿನ ಚೀಟಿ. ಸರ್ಕಾರ ಅಂಜಲಿಲ್ಲ. ಅದೇ ಅಕ್ಟೋಬರಿನಲ್ಲಿ 'ತಕರಕುಜಿ' ಎಂಬ ಹೊಸ ಹೆಸರಿನಲ್ಲಿ ಲಾಟರಿ ಮತ್ತೆ ಬಂತು. ಈ ಸಲ ಹಣದ ಜೊತೆಗೆ ಹತ್ತಿಬಟ್ಟೆಯೂ ಬಹುಮಾನ. ಸೋತ ನಾಲ್ಕು ಚೀಟಿ ತಂದುಕೊಟ್ಟರೆ ಹತ್ತು ಸಿಗರೇಟು. ಬಟ್ಟೆ, ಸಿಗರೇಟು ಎರಡೂ ನೋಟಿಗಿಂತ ಹೆಚ್ಚು ಬಾಳುತ್ತಿದ್ದ ಕಾಲ.

ಸುಟ್ಟುಹೋದ ಊರುಗಳನ್ನು ಕಟ್ಟಲು ಹಣ ಬೇಕಿತ್ತು. ತೆರಿಗೆ ಕೊಡುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. 1948ರಲ್ಲಿ ಸೈಕಲ್ ಪಂದ್ಯದ ಕಾಯ್ದೆ ಬಂತು. ಅದೇ ನವೆಂಬರಿನಲ್ಲಿ ಮೊದಲ 'ಕೇರಿನ್' ಪಂದ್ಯ ನಡೆದದ್ದು ಕೊಕುರಾ ನಗರದಲ್ಲಿ. 1945ರ ಆಗಸ್ಟ್ 9ರಂದು ಎರಡನೇ ಅಣುಬಾಂಬಿನ ಗುರಿ ಮೊದಲಿಗೆ ಈ ಕೊಕುರಾವೇ ಆಗಿತ್ತು. ಮೇಲಿನಿಂದ ಊರು ಸರಿಯಾಗಿ ಕಾಣದ್ದರಿಂದ ವಿಮಾನ ನಾಗಸಾಕಿಗೆ ತಿರುಗಿತು. ಹೀಗೆ ಬದುಕಿ ಉಳಿದ ಊರಿನಲ್ಲಿ ಮೂರೇ ವರ್ಷಕ್ಕೆ ಜನ ಸೈಕಲ್ ಸವಾರರ ಮೇಲೆ ಬಾಜಿ ಕಟ್ಟುತ್ತಿದ್ದರು. 1950ರಲ್ಲಿ ಮೋಟಾರ್‌ಸೈಕಲ್ ಪಂದ್ಯ, 1951ರಲ್ಲಿ ದೋಣಿಪಂದ್ಯದ ಕಾಯ್ದೆ. ನಾಲ್ಕು ಚಕ್ರ ಕೊಳ್ಳಲಾಗದ ದೇಶ ಎರಡು ಚಕ್ರದ ಮೇಲೆ ತನ್ನ ಬಜೆಟ್ಟನ್ನು ಕಟ್ಟಿಕೊಂಡಿತು.

ಎಲ್ಲರೂ ಒಪ್ಪಿದ್ದರು ಎಂದಲ್ಲ. 1950ರ ಸೆಪ್ಟೆಂಬರಿನಲ್ಲಿ ಒಸಾಕಾ–ಕೋಬೆ ನಡುವಿನ ನರುಒ ಸೈಕಲ್ ಅಂಗಣದಲ್ಲಿ ಪಂದ್ಯದ ಫಲಿತಾಂಶಕ್ಕೆ ಸಿಟ್ಟಾದ ಜನ ದೊಂಬಿ ಎದ್ದರು. ದೇಶದಾದ್ಯಂತ ಸೈಕಲ್ ಪಂದ್ಯವನ್ನು ಎರಡು ತಿಂಗಳು ನಿಲ್ಲಿಸಬೇಕಾಯಿತು. ಮರುವರ್ಷ ದೋಣಿಪಂದ್ಯದ ಮಸೂದೆ ಬಂದಾಗ ಸಂಸತ್ತಿನ ಮೇಲ್ಮನೆ ಅದನ್ನು ತಿರಸ್ಕರಿಸಿತು. ಕೆಳಮನೆ ಮೂರನೇ ಎರಡರಷ್ಟು ಬಹುಮತದಿಂದ ಮತ್ತೆ ಅಂಗೀಕರಿಸಿ ಕಾಯ್ದೆ ಮಾಡಿತು. ಹೊಸ ಸಂವಿಧಾನ ಕೊಟ್ಟಿದ್ದ ಈ ಅಪರೂಪದ ಅಸ್ತ್ರ ಬಳಕೆಯಾದದ್ದು ದೋಣಿಯ ಮೇಲೆ ಬಾಜಿ ಕಟ್ಟಲು.

*

ಟೋಕಿಯೋದ ಒತಾ ವಾರ್ಡಿನಲ್ಲಿ ಹೇವಾಜಿಮಾ ಎಂಬ ಜಾಗವಿದೆ. ಹೆಸರಿನ ಅರ್ಥ ಶಾಂತಿದ್ವೀಪ. ಯುದ್ಧದ ಕಾಲದಲ್ಲಿ ಇದು ಸಮುದ್ರಕ್ಕೆ ಮಣ್ಣು ತುಂಬಿ ಮಾಡಿದ ಪುಟ್ಟ ದ್ವೀಪ. ಮಿತ್ರರಾಷ್ಟ್ರಗಳ ಯುದ್ಧಕೈದಿಗಳನ್ನು ಇಟ್ಟಿದ್ದ ಒಮೊರಿ ಶಿಬಿರ ಇಲ್ಲಿತ್ತು. ಯುದ್ಧ ಮುಗಿದ ಮೇಲೆ ಅದೇ ಶಿಬಿರದಲ್ಲಿ ಪ್ರಧಾನಿಯಾಗಿದ್ದ ತೊಜೊ ಮತ್ತಿತರ ಯುದ್ಧಾಪರಾಧದ ಆರೋಪಿಗಳನ್ನು ಕೆಲಕಾಲ ಇಡಲಾಯಿತು. 1954ರಿಂದ ಅಲ್ಲಿ ದೋಣಿಪಂದ್ಯ. ಪಕ್ಕದಲ್ಲಿ ಕರುಣೆಯ ಬೋಧಿಸತ್ವ ಕಾನೊನ್‌ಳ ಒಂದು ಪ್ರತಿಮೆ ನಿಂತಿದೆ.

ಒಳಗೆ ಹೋಗಲು 100 ಯೆನ್. ಒಂದು ಬಾಜಿಯ ಕನಿಷ್ಠ ಮೊತ್ತವೂ ಅಷ್ಟೇ. ನಾನು ಹೋದದ್ದು ಕೆಲಸದ ದಿನ. ಬಂದವರಲ್ಲಿ ಹೆಚ್ಚಿನವರು ಅರವತ್ತು ದಾಟಿದ ಗಂಡಸರು. ಒಂದು ಕೈಯಲ್ಲಿ ಮಡಿಸಿದ ಪಂದ್ಯದ ಪತ್ರಿಕೆ, ಕಿವಿಯ ಸಂದಿಯಲ್ಲಿ ಕೆಂಪು ಪೆನ್ಸಿಲ್ಲು. ಮೂಲೆಯಲ್ಲೊಬ್ಬ ಭವಿಷ್ಯ ಹೇಳುವವನು ಎತ್ತರದ ಕಟ್ಟೆಯ ಮೇಲೆ ನಿಂತು ಯಾವ ದೋಣಿಯ ಎಂಜಿನ್ನು ಹೇಗಿದೆ ಎಂದು ಸಂತೆಯಲ್ಲಿ ಮದ್ದು ಮಾರುವವನ ಧಾಟಿಯಲ್ಲಿ ಹೇಳುತ್ತಿದ್ದ. ಕೇಳಿ ಮುಗಿದ ಮೇಲೆ ಕಾಸು ಕೊಟ್ಟರೆ ಅಂಕಿ ಬರೆದ ಚೀಟಿ ಸಿಗುತ್ತದೆ. ಅಂಥವರಿಗೂ ಪರವಾನಗಿ ಇದೆ. ತಿಂಡಿಯ ಅಂಗಡಿಯಲ್ಲಿ ಪ್ರಾಣಿಯ ಕರುಳನ್ನು ಬೇಯಿಸಿದ ಬಿಸಿ ಸಾರಿನ ಹಬೆ.

ಆಟದ ನಿಯಮ ಕೇಳಿದರೆ ಸರಳ. ಆರು ದೋಣಿ: ಬಿಳಿ, ಕಪ್ಪು, ಕೆಂಪು, ನೀಲಿ, ಹಳದಿ, ಹಸಿರು. 600 ಮೀಟರಿನ ಮೂರು ಸುತ್ತು. ಆದರೆ ಎಲ್ಲರೂ ಗೆರೆಯ ಮೇಲೆ ನಿಂತು ಹೊರಡುವುದಿಲ್ಲ. ದೋಣಿಗಳು ಹಿಂದಿನಿಂದ ಓಡುತ್ತಲೇ ಬರಬೇಕು. ದೊಡ್ಡ ಗಡಿಯಾರದ ಮುಳ್ಳು ಸೊನ್ನೆ ಮುಟ್ಟಿದ ಕ್ಷಣದಿಂದ ಒಂದು ಸೆಕೆಂಡಿನೊಳಗೆ ಗೆರೆ ದಾಟಬೇಕು. ಕೂದಲೆಳೆಯಷ್ಟು ಮೊದಲು ದಾಟಿದರೂ, ಒಂದು ಸೆಕೆಂಡಿಗಿಂತ ತಡವಾದರೂ ಆ ದೋಣಿ ಹೊರಗೆ, ಅದರ ಮೇಲೆ ಕಟ್ಟಿದ ಹಣ ವಾಪಸು. ಎಂಜಿನ್ನುಗಳನ್ನು ಸವಾರರಿಗೆ ಚೀಟಿ ಎತ್ತಿ ಹಂಚುತ್ತಾರೆ. ಪಂದ್ಯದ ದಿನಗಳಲ್ಲಿ ಸವಾರರು ಹೊರಗಿನವರ ಜೊತೆ ಮಾತಾಡುವಂತಿಲ್ಲ, ಮೊಬೈಲನ್ನು ಒಪ್ಪಿಸಿಬಿಡಬೇಕು. ಗಂಡಸರು, ಹೆಂಗಸರು ಒಂದೇ ಪಂದ್ಯದಲ್ಲಿ ಓಡುತ್ತಾರೆ, ಒಂದೇ ಬಹುಮಾನಕ್ಕೆ.

ಮೊದಲ ಮೂರು ದೋಣಿಗಳನ್ನು ಸರಿಯಾದ ಕ್ರಮದಲ್ಲಿ ಹೇಳುವ ಬಾಜಿಗೆ 120 ಸಾಧ್ಯತೆಗಳಿವೆ. ನಾನು ಸೀಸದ ಕಡ್ಡಿಯಿಂದ ಚೀಟಿಯಲ್ಲಿ ಚೌಕ ತುಂಬಿಸಿ ಯಂತ್ರದೊಳಗೆ ಹಾಕಿದೆ. ಎಂಜಿನ್ನುಗಳು ಒಟ್ಟಿಗೆ ಅರಚುತ್ತ ಗೆರೆ ದಾಟಿದವು. ಮೊದಲ ತಿರುವಿನಲ್ಲಿ ನೀರು ಗೋಡೆಯಂತೆ ಎದ್ದು ಬಿತ್ತು. ಅದು ಬೀಳುವಷ್ಟರಲ್ಲಿ ಪಂದ್ಯದ ಹಣೆಬರಹ ತೀರ್ಮಾನವಾಗಿತ್ತು. ಒಳಗಿನ ದಾರಿಯ ಬಿಳಿ ದೋಣಿ ದೇಶದಾದ್ಯಂತದ ಲೆಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಂದ್ಯ ಗೆಲ್ಲುತ್ತದೆ. ಅವತ್ತೂ ಅದೇ ಗೆದ್ದಿತು. ಯಾರೂ ಕುಣಿಯಲಿಲ್ಲ, ಯಾರೂ ತಲೆ ಚಚ್ಚಿಕೊಳ್ಳಲಿಲ್ಲ. ಪಕ್ಕದಲ್ಲಿದ್ದ ಹಿರಿಯರು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಬುಟ್ಟಿಗೆ ಹಾಕಿ, ಮುಂದಿನ ಪಂದ್ಯದ ಪುಟ ತಿರುವಿದರು. ಬ್ಯಾಂಕಿನ ಸಾಲಿನಲ್ಲಿ ನಿಂತವರ ತಾಳ್ಮೆ ಅದು.

ಇಲ್ಲಿ ಆಡುವವನ ಎದುರಾಳಿ ಸರ್ಕಾರವಲ್ಲ. ಎಲ್ಲರ ಹಣವನ್ನೂ ಒಂದೇ ರಾಶಿ ಮಾಡಿ, ಅದರಲ್ಲಿ ನೂರಕ್ಕೆ 75ರಷ್ಟನ್ನು ಗೆದ್ದವರಿಗೆ ಹಂಚುತ್ತಾರೆ. ಉಳಿದ 25 ಯಾರು ಗೆದ್ದರೂ ಯಾರು ಸೋತರೂ ಮೊದಲೇ ಪಕ್ಕಕ್ಕೆ ಹೋಗಿರುತ್ತದೆ. ಲಾಟರಿಯಲ್ಲಿ ಇದು ಇನ್ನೂ ಕಟುವಾಗಿದೆ. ಅಲ್ಲಿ ಅರ್ಧಕ್ಕಿಂತ ಕಡಿಮೆ ಹಣ ಮಾತ್ರ ಬಹುಮಾನವಾಗಿ ಮರಳುತ್ತದೆ. ಕೌಟಿಲ್ಯ ಅರ್ಥಶಾಸ್ತ್ರದಲ್ಲಿ ದ್ಯೂತಾಧ್ಯಕ್ಷ ಎಂಬ ಅಧಿಕಾರಿಯನ್ನು ನೇಮಿಸಿ, ಗೆದ್ದವನಿಂದ ನೂರಕ್ಕೆ 5ರಷ್ಟು ವಸೂಲು ಮಾಡಿಸಿದ್ದ. ಆಧುನಿಕ ರಾಜ್ಯಕ್ಕೆ ಹೋಲಿಸಿದರೆ ಅವನೇ ಧಾರಾಳಿ.

ಆ 25ರಲ್ಲಿ ಪಂದ್ಯದ ಖರ್ಚು ಕಳೆದು ಉಳಿದದ್ದು ಪಂದ್ಯ ನಡೆಸುವ ಸ್ಥಳೀಯ ಸಂಸ್ಥೆಗೆ. ಹೇವಾಜಿಮಾದಲ್ಲಿ ಆ ಸಂಸ್ಥೆ ಫುಚು ನಗರಸಭೆ. ಯುದ್ಧದ ನಂತರದ ಜಪಾನಿನ ಎಷ್ಟೋ ಊರುಗಳ ಶಾಲೆ, ಆಸ್ಪತ್ರೆ, ಚರಂಡಿಗಳು ಹೀಗೆ ಕಟ್ಟಿದವು. ಒಂದು ಸಣ್ಣ ಪಾಲು ಮಾತ್ರ ಕಾಯ್ದೆಯ ಪ್ರಕಾರ ಬೇರೊಂದು ದಾರಿ ಹಿಡಿಯುತ್ತದೆ. ನನ್ನ ಸಂಶೋಧನೆಯ ಜಾಡು ಅಲ್ಲಿ ಸಿಗುತ್ತದೆ.

*

ಸಸಕಾವಾ ರ್ಯೋಯಿಚಿ ಹುಟ್ಟಿದ್ದು 1899ರಲ್ಲಿ, ಒಸಾಕಾ ಬಳಿ, ಈಗ ಮಿನೊ ನಗರಕ್ಕೆ ಸೇರಿರುವ ಹಳ್ಳಿಯಲ್ಲಿ. ದೇವಾಲಯದ ಲಾಟರಿಯ ತವರೂರು ಎಂದು ಮೇಲೆ ಹೇಳಿದ ಮಿನೊ ಅದೇ. ಮೂವತ್ತರ ದಶಕದಲ್ಲಿ ಆತ ಉಗ್ರ ರಾಷ್ಟ್ರವಾದಿ ಪಕ್ಷವೊಂದರ ನಾಯಕ. 1939ರಲ್ಲಿ ವಿಮಾನದಲ್ಲಿ ಇಟಲಿಗೆ ಹೋಗಿ ಮುಸೊಲಿನಿಯನ್ನು ಕಂಡು ಬಂದವನು. ಯುದ್ಧ ಮುಗಿದ ಮೇಲೆ 'ಎ' ದರ್ಜೆಯ ಯುದ್ಧಾಪರಾಧದ ಶಂಕಿತನಾಗಿ ಸುಗಮೊ ಜೈಲಿನಲ್ಲಿ ಮೂರು ವರ್ಷ ಇದ್ದು, 1948ರ ಡಿಸೆಂಬರಿನಲ್ಲಿ ವಿಚಾರಣೆಯಿಲ್ಲದೆ ಬಿಡುಗಡೆಯಾದ. ಹೊರಬಂದವನು ದೋಣಿಪಂದ್ಯದ ಕಾಯ್ದೆಗಾಗಿ ಓಡಾಡಿದ. 1952ರ ಏಪ್ರಿಲಿನಲ್ಲಿ ನಾಗಸಾಕಿ ಪ್ರಾಂತದ ಒಮುರಾದಲ್ಲಿ ಮೊದಲ ಪಂದ್ಯ ನಡೆಯಿತು. 1962ರಲ್ಲಿ ಆತ ಕಟ್ಟಿದ ಹಡಗು ಕೈಗಾರಿಕೆಯ ಪ್ರತಿಷ್ಠಾನಕ್ಕೆ ಎಲ್ಲ ದೋಣಿಪಂದ್ಯಗಳ ಆದಾಯದ ಒಂದು ಪಾಲು ಹರಿಯತೊಡಗಿತು. ಇವತ್ತು ಅದರ ಹೆಸರು ನಿಪ್ಪಾನ್ ಫೌಂಡೇಶನ್.

ಈ ಹಣದಿಂದ 1974ರಲ್ಲಿ ಒಂದು ಆರೋಗ್ಯ ಪ್ರತಿಷ್ಠಾನ ಹುಟ್ಟಿತು. ಜಪಾನಿನಲ್ಲಿ ಕುಷ್ಠರೋಗಕ್ಕೆ ಔಷಧಿ ತಯಾರಿಸಿದ ವಿಜ್ಞಾನಿ ಇಶಿದಾತೆ ಮೊರಿಜೊ ಅದರ ಜೊತೆಗಿದ್ದರು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಹುಔಷಧಿ ಚಿಕಿತ್ಸೆಯನ್ನು ಶಿಫಾರಸು ಮಾಡಿತು. ಡ್ಯಾಪ್ಸೋನ್, ರಿಫಾಂಪಿಸಿನ್, ಕ್ಲೋಫಜಿಮಿನ್ ಎಂಬ ಮೂರು ಔಷಧಿಗಳನ್ನು ಸೇರಿಸಿ ಕೊಟ್ಟರೆ, ಜೀವನಪೂರ್ತಿ ಅಂಟಿಕೊಳ್ಳುತ್ತಿದ್ದ ರೋಗ ತಿಂಗಳುಗಳಲ್ಲಿ ವಾಸಿಯಾಗುತ್ತಿತ್ತು. ತೊಂದರೆ ಇದ್ದದ್ದು ಹಣದ್ದು. 1994ರಲ್ಲಿ ನಿಪ್ಪಾನ್ ಫೌಂಡೇಶನ್ ಐದು ವರ್ಷಕ್ಕೆ 5 ಕೋಟಿ ಡಾಲರ್ ಕೊಡುವುದಾಗಿ ಘೋಷಿಸಿತು. 1995ರಿಂದ 1999ರವರೆಗೆ, ಕೇಳಿದ ದೇಶಗಳಿಗೆಲ್ಲ ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ ಈ ಔಷಧಿ ಉಚಿತವಾಗಿ ಹೋಯಿತು. 2000ದಿಂದ ಆ ಹೊಣೆಯನ್ನು ನೊವಾರ್ಟಿಸ್ ಕಂಪನಿ ವಹಿಸಿಕೊಂಡಿತು.

ನಮ್ಮ ಕಡೆಯ ಹಳೆಯ ಆರೋಗ್ಯ ಕಾರ್ಯಕರ್ತರೊಬ್ಬರು ನನಗೆ ಹೇಳಿದ್ದು ನೆನಪಿದೆ. ತಿಂಗಳಿಗೊಂದು ಮಾತ್ರೆಯ ಹಾಳೆ ಕೊಟ್ಟು, ಮೊದಲ ಗುಳಿಗೆಯನ್ನು ತಾವೇ ಎದುರಿಗೆ ನುಂಗಿಸುತ್ತಿದ್ದರಂತೆ. ಮಾರನೇ ದಿನ ರೋಗಿ ಹೆದರಿಕೊಂಡು ಓಡಿ ಬರುತ್ತಿದ್ದ: "ಸರ, ಉಚ್ಚಿ ಕೆಂಪಗ ಬರಾಕತ್ತೈತಿ." ಅದು ರಿಫಾಂಪಿಸಿನ್ ಗುಣ, ಹೆದರಬೇಡ ಎಂದು ಸಮಾಧಾನ ಮಾಡುವುದೇ ಅರ್ಧ ಕೆಲಸ. ಇನ್ನೊಂದು ಮಾತ್ರೆ ಮೈಬಣ್ಣ ಕಪ್ಪು ಮಾಡುತ್ತಿತ್ತು. ಅದನ್ನು ಊರಿನವರಿಂದ ಮುಚ್ಚಿಡಲಾಗದೆ ಕೆಲವರು ಔಷಧಿಯನ್ನೇ ಬಿಡುತ್ತಿದ್ದರು. ಭಾರತದ ಕಾರ್ಯಕ್ರಮದಲ್ಲಿ ನಮ್ಮ ಸರ್ಕಾರದ ಅನುದಾನ, ವಿಶ್ವಬ್ಯಾಂಕಿನ ಸಾಲ, ಹಲವು ಸ್ವಯಂಸೇವಾ ಸಂಸ್ಥೆಗಳ ದುಡಿಮೆ ಎಲ್ಲ ಬೆರೆತಿವೆ. ಹಾಗಾಗಿ ಇಂಥ ಹಳ್ಳಿಯ ಇಂಥ ಮಾತ್ರೆ ದೋಣಿಪಂದ್ಯದ ದುಡ್ಡಿನದು ಎಂದು ಬೆರಳಿಟ್ಟು ತೋರಿಸಲಾಗದು. 2005ರ ಕೊನೆಗೆ ಭಾರತದಲ್ಲಿ ರೋಗದ ಪ್ರಮಾಣ ಹತ್ತು ಸಾವಿರಕ್ಕೆ ಒಂದಕ್ಕಿಂತ ಕೆಳಗಿಳಿಯಿತು. ಇಂದಿಗೂ ಜಗತ್ತಿನ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮವರೇ. ರ್ಯೋಯಿಚಿಯ ಮಗ ಸಸಕಾವಾ ಯೊಹೆಯ್ ಅವರಿಗೆ ಈ ಕೆಲಸಕ್ಕಾಗಿಯೇ ಭಾರತ ಸರ್ಕಾರ 2018ರ ಗಾಂಧಿ ಶಾಂತಿ ಪ್ರಶಸ್ತಿ ಕೊಟ್ಟಿತು. ಜೂಜನ್ನು ಕಟುವಾಗಿ ವಿರೋಧಿಸಿದ, ಕುಷ್ಠರೋಗಿ ಪರಚುರೆ ಶಾಸ್ತ್ರಿಯವರ ಗಾಯ ತೊಳೆದ ಗಾಂಧಿಯ ಹೆಸರಿನ ಪ್ರಶಸ್ತಿ ದೋಣಿಪಂದ್ಯದ ಹಣದಿಂದ ನಡೆಯುವ ಸಂಸ್ಥೆಯ ಮುಖ್ಯಸ್ಥರ ಕೈಸೇರಿತು. ಆ ಕ್ಷಣದಲ್ಲಿ ಯಾರ ತಪ್ಪೂ ನನಗೆ ಕಾಣುವುದಿಲ್ಲ. ಆದರೂ ಅದನ್ನು ಬರೆಯುವಾಗ ಪೆನ್ನು ಒಂದು ಗಳಿಗೆ ನಿಲ್ಲುತ್ತದೆ.

ಇನ್ನೊಂದು ಸಂಗತಿಯನ್ನೂ ಇದೇ ಪುಟದಲ್ಲಿ ಬರೆಯಬೇಕು. ಪರದೇಶದ ರೋಗಿಗಳಿಗೆ ಜಪಾನಿನಿಂದ ಔಷಧಿ ಹೊರಟ ಕಾಲದಲ್ಲಿ, ಜಪಾನಿನದೇ ಕುಷ್ಠರೋಗಿಗಳು ಊರಾಚೆಯ ಸರ್ಕಾರಿ ಧಾಮಗಳಲ್ಲಿ ಪ್ರತ್ಯೇಕವಾಗಿದ್ದರು. ಅವರನ್ನು ಹಾಗೆ ಇಡುವ ಕಾಯ್ದೆ ರದ್ದಾದದ್ದು 1996ರಲ್ಲಿ. ಅದು ಸಂವಿಧಾನಬಾಹಿರವಾಗಿತ್ತು ಎಂದು ಕುಮಾಮೊತೊ ನ್ಯಾಯಾಲಯ ಹೇಳಿದ್ದು 2001ರಲ್ಲಿ.

*

ಜೂಜಿನ ದುಡ್ಡು ಬೇಡ ಎಂದ ಒಬ್ಬ ಆಡಳಿತಗಾರನೂ ಇದ್ದ. ಅರ್ಥಶಾಸ್ತ್ರಜ್ಞ ಮಿನೊಬೆ ರ್ಯೋಕಿಚಿ 1967ರಲ್ಲಿ ಟೋಕಿಯೋದ ಗವರ್ನರ್ ಆಗಿ ಗೆದ್ದರು. ಬಡವರ ಜೇಬಿನಿಂದ ತೆಗೆದ ಹಣದಲ್ಲಿ ಜನಕಲ್ಯಾಣ ನಡೆಸುವುದು ಸರಿಯಲ್ಲ ಎಂಬುದು ಅವರ ನಿಲುವು. 1969ರಲ್ಲಿ, ಟೋಕಿಯೋ ಸರ್ಕಾರ ಎಲ್ಲ ಬಗೆಯ ಪಂದ್ಯಗಳಿಂದ ಹಿಂದೆ ಸರಿಯುತ್ತದೆ ಎಂದು ಘೋಷಿಸಿದರು. ನಗರದ ನಡುವಿನ ಕೊರಾಕುಎನ್ ಸೈಕಲ್ ಅಂಗಣದಲ್ಲಿ 1972ರಲ್ಲಿ ಪಂದ್ಯ ನಿಂತುಹೋಯಿತು. 1988ರಲ್ಲಿ ಆ ಜಾಗದಲ್ಲಿ ಟೋಕಿಯೋ ಡೋಮ್ ಎಂಬ ಬೇಸ್‌ಬಾಲ್ ಅಂಗಣ ಎದ್ದಿತು. ಉಳಿದ ಕಡೆ ಆದದ್ದೇ ಬೇರೆ. ಟೋಕಿಯೋ ಬಿಟ್ಟುಕೊಟ್ಟ ಓಯಿ ಕುದುರೆ ಪಂದ್ಯವನ್ನು ನಗರದ 23 ವಾರ್ಡುಗಳು ಸೇರಿ ಕೈಗೆತ್ತಿಕೊಂಡವು. ಫುಚು ನಗರಸಭೆಯ ದೋಣಿಗಳು ಒಂದು ದಿನವೂ ನಿಲ್ಲಲಿಲ್ಲ. ಗವರ್ನರ್ ಕೈ ತೊಳೆದುಕೊಂಡರು, ನೀರು ಕೊಳದಲ್ಲೇ ಉಳಿಯಿತು. ಹಾಗೆಂದು ಮಿನೊಬೆಯವರ ಪ್ರಶ್ನೆ ಸೋತಿತು ಎಂದು ನಾನು ಹೇಳಲಾರೆ. ಆ ಪ್ರಶ್ನೆಗೆ ಉತ್ತರ ಕೊಟ್ಟವರು ಯಾರೂ ಇಲ್ಲ.

ಪಚಿಂಕೊದ್ದು ಇನ್ನೊಂದು ಬಗೆಯ ಕಥೆ. ಯುದ್ಧಕ್ಕೆ ಮೊದಲು ಮಕ್ಕಳ ಆಟವಾಗಿದ್ದ ಇದು ಯುದ್ಧಾನಂತರ ನಗೊಯಾ ನಗರದಿಂದ ದೇಶಕ್ಕೆಲ್ಲ ಹರಡಿತು. ನೆಟ್ಟಗೆ ನಿಂತ ಗಾಜಿನ ಪೆಟ್ಟಿಗೆಯಲ್ಲಿ 11 ಮಿಲಿಮೀಟರಿನ ಉಕ್ಕಿನ ಗುಂಡುಗಳು ಮೊಳೆಗಳ ನಡುವೆ ಪುಟಿದು ಬೀಳುತ್ತವೆ. ಸರಿಯಾದ ತೂತಿಗೆ ಬಿದ್ದರೆ ಇನ್ನಷ್ಟು ಗುಂಡು ಸಿಗುತ್ತವೆ. ಗೆದ್ದ ಗುಂಡುಗಳನ್ನು ಅಂಗಡಿಯವನು ಹಣಕ್ಕೆ ಬದಲಿಸಿಕೊಟ್ಟರೆ ಅಪರಾಧ. ಅದಕ್ಕೆ 1961ರಲ್ಲಿ ಒಸಾಕಾದಲ್ಲಿ ಒಂದು ಉಪಾಯ ರೂಪುಗೊಂಡಿತು. ಮೊದಲು ಅಂಗಡಿಯಿಂದ ಒಂದು 'ವಿಶೇಷ ಬಹುಮಾನ' ಪಡೆಯಬೇಕು. ಟೋಕಿಯೋದಲ್ಲಿ ಅದು ಪ್ಲಾಸ್ಟಿಕ್ಕಿನೊಳಗೆ ಮುಚ್ಚಿದ ಚೂರು ಚಿನ್ನ. ಹೊರಗೆ, ಸಂದಿಯೊಂದರ ಕಿಂಡಿಯಲ್ಲಿ, ಬೇರೊಬ್ಬ ವ್ಯಾಪಾರಿ ಆ ಚಿನ್ನವನ್ನು ಕೊಳ್ಳುತ್ತಾನೆ. ಮೂರನೆಯ ಸಗಟು ವ್ಯಾಪಾರಿ ಅದನ್ನು ಮತ್ತೆ ಪಚಿಂಕೊ ಅಂಗಡಿಗೆ ಮಾರುತ್ತಾನೆ. ಮೂರು ಅಂಗಡಿ, ಮೂರು ಲೆಕ್ಕಪುಸ್ತಕ. ಕಾನೂನಿನ ಕಣ್ಣಿಗೆ ಒಂದಕ್ಕೊಂದು ಸಂಬಂಧವಿಲ್ಲ. ಈ ವಿನಿಮಯದಿಂದ ಯಾಕುಜಾಗಳನ್ನು ದೂರವಿಡುವುದೂ ಆ ಉಪಾಯದ ಉದ್ದೇಶವಾಗಿತ್ತು.

ನಾನು ಆಡಿದ ಅಂಗಡಿಯಲ್ಲಿ ಕಿಂಡಿ ಎಲ್ಲಿದೆ ಎಂದು ಕೇಳಿದರೆ ಹುಡುಗ ನಯವಾಗಿ ನಕ್ಕು ತಲೆ ಬಾಗಿಸಿದ, ಉತ್ತರ ಹೇಳಲಿಲ್ಲ, ಹೇಳುವಂತೆಯೂ ಇಲ್ಲ. ಮುಂದೆ ಹೋಗುತ್ತಿದ್ದವರ ಹಿಂದೆ ಹೋದೆ. ಕಿಂಡಿಯ ಆಚೆ ಮುಖ ಕಾಣುವುದಿಲ್ಲ, ಕೈ ಮಾತ್ರ ಕಾಣುತ್ತದೆ. ಈ ಉದ್ಯಮದ ಮಾಲೀಕರಲ್ಲಿ ದೊಡ್ಡ ಪಾಲು ಕೊರಿಯಾ ಮೂಲದವರು. ವಸಾಹತಿನ ಕಾಲದಲ್ಲಿ ಜಪಾನಿಗೆ ಬಂದು, ಒಳ್ಳೆಯ ಕಂಪನಿ, ಸರ್ಕಾರಿ ನೌಕರಿಗಳ ಬಾಗಿಲು ಮುಚ್ಚಿಸಿಕೊಂಡ ಕುಟುಂಬಗಳು, ಮರ್ಯಾದಸ್ಥರು ಮುಟ್ಟದ ಈ ವ್ಯಾಪಾರವನ್ನು ಹಿಡಿದವು. ಮಿನ್ ಜಿನ್ ಲೀ ಅವರ 2017ರ ಕಾದಂಬರಿ 'ಪಚಿಂಕೊ' ಈ ಬದುಕಿನ ಕಥೆ. 1995ರ ಸುಮಾರಿಗೆ 18 ಸಾವಿರದಷ್ಟಿದ್ದ ಪಚಿಂಕೊ ಅಂಗಡಿಗಳು ಈಗ 7 ಸಾವಿರಕ್ಕಿಂತ ಕೆಳಗಿಳಿದಿವೆ.

ಕಾನೂನು ಎಲ್ಲಿ ಕಣ್ಣು ತೆರೆಯುತ್ತದೆ, ಎಲ್ಲಿ ಮುಚ್ಚುತ್ತದೆ ಎಂಬುದಕ್ಕೆ 2020ರ ಒಂದು ಪ್ರಸಂಗ ಸಾಕು. ಟೋಕಿಯೋದ ಉನ್ನತ ಪ್ರಾಸಿಕ್ಯೂಟರ್ ಕಚೇರಿಯ ಮುಖ್ಯಸ್ಥ ಕುರೊಕಾವಾ ಹಿರೊಮು ಕೊರೊನಾ ತುರ್ತುಸ್ಥಿತಿಯ ನಡುವೆ ಪತ್ರಕರ್ತರ ಜೊತೆ ಹಣ ಕಟ್ಟಿ ಮಾಜಾಂಗ್ ಆಡಿದ್ದು ಬಯಲಾಯಿತು. ಜೂಜುಕೋರರನ್ನು ಜೈಲಿಗೆ ಕಳಿಸುವ ಇಲಾಖೆಯ ದೊಡ್ಡ ಅಧಿಕಾರಿ! ರಾಜೀನಾಮೆ ಕೊಟ್ಟರು. ಮೊದಲಿಗೆ ಪ್ರಕರಣ ಹೂಡಲಿಲ್ಲ. ನಾಗರಿಕರ ಪರಿಶೀಲನಾ ಸಮಿತಿ ಪಟ್ಟು ಹಿಡಿದ ಮೇಲೆ 2021ರಲ್ಲಿ 2 ಲಕ್ಷ ಯೆನ್ ದಂಡ ಬಿತ್ತು.

ಈಗ ಜಪಾನ್ ಇನ್ನೊಂದು ಬಾಗಿಲು ತೆರೆಯುತ್ತಿದೆ. 2018ರ ಕಾಯ್ದೆ ದೊಡ್ಡ ಪ್ರವಾಸಿ ಸಂಕೀರ್ಣಗಳ ಒಳಗೆ ಕ್ಯಾಸಿನೊಗಳಿಗೆ ಅವಕಾಶ ಕೊಟ್ಟಿತು. 2023ರಲ್ಲಿ ಒಸಾಕಾದ ಯುಮೆಶಿಮಾ ದ್ವೀಪದ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಹೆಸರಿನ ಅರ್ಥ ಕನಸಿನ ದ್ವೀಪ. ನನ್ನಂಥ ವಿದೇಶಿ ಪ್ರವಾಸಿಗೆ ಕ್ಯಾಸಿನೊ ಪ್ರವೇಶ ಉಚಿತ. ಜಪಾನೀಯರಿಗೆ ದಿನಕ್ಕೆ 6,000 ಯೆನ್, ಅದೂ ವಾರಕ್ಕೆ ಮೂರು ಸಲ, 28 ದಿನಕ್ಕೆ ಹತ್ತು ಸಲ ಮಾತ್ರ. ತನ್ನ ಪ್ರಜೆಗಳಿಗೆ ಹಾನಿ ಎಂದು ತಿಳಿದೇ ಬೇಲಿ ಹಾಕಿ ಬಾಗಿಲು ತೆರೆದ ಕಾಯ್ದೆ ಇದು. 2017ರ ಸರ್ಕಾರಿ ಸಮೀಕ್ಷೆಯ ಅಂದಾಜಿನಲ್ಲಿ, ಬದುಕಿನ ಯಾವುದೋ ಹಂತದಲ್ಲಿ ಜೂಜಿನ ಚಟಕ್ಕೆ ಬಿದ್ದಿರಬಹುದಾದವರು ವಯಸ್ಕರಲ್ಲಿ ನೂರಕ್ಕೆ 3.6, ಅಂದರೆ ಸುಮಾರು 32 ಲಕ್ಷ ಜನ. ಕ್ಯಾಸಿನೊ ಕಾಯ್ದೆ ಬಂದ ವರ್ಷವೇ ಚಟ ನಿಯಂತ್ರಣದ ಕಾಯ್ದೆಯೂ ಬಂತು.

ಇದೆಲ್ಲ ದೂರದ ದೇಶದ ಸೋಜಿಗ ಎಂದು ಓದಿ ಮುಚ್ಚಿಡುವಂತಿಲ್ಲ. ಕರ್ನಾಟಕ 2007ರಲ್ಲಿ ಲಾಟರಿ ನಿಲ್ಲಿಸಿತು. ಗಡಿ ದಾಟಿದರೆ ಕೇರಳ ಸರ್ಕಾರ 1967ರಿಂದಲೂ ಲಾಟರಿ ನಡೆಸುತ್ತಿದೆ. 'ಕಾರುಣ್ಯ' ಎಂಬ ಲಾಟರಿಯ ಹಣ ಬಡರೋಗಿಗಳ ಚಿಕಿತ್ಸೆಗೆ ಹೋಗುತ್ತದೆ. ಮಿನೊಬೆ ಎತ್ತಿದ ಪ್ರಶ್ನೆ ನಮ್ಮ ಮನೆಬಾಗಿಲಲ್ಲೇ ಇದೆ.

ನನ್ನ ಪ್ರಬಂಧದ ಒಂದು ಅಧ್ಯಾಯದಲ್ಲಿ ಔಷಧಿಯ ಹಣದ ಮೂಲಗಳ ಕೋಷ್ಟಕವಿದೆ. ಅಲ್ಲಿ ದಾನಿಯ ಹೆಸರು ಎಂಬ ಕಾಲಮಿನಲ್ಲಿ ಪ್ರತಿಷ್ಠಾನದ ಹೆಸರು ಬರೆದು ಮುಂದೆ ಹೋಗುವುದು ರೂಢಿ. ನಾನು ಒಂದು ಕಾಲಮ್ ಹೆಚ್ಚು ಸೇರಿಸಿದ್ದೇನೆ: ದಾನಿಗೆ ಹಣ ಎಲ್ಲಿಂದ ಬಂತು. ಅಲ್ಲಿ ಬರೆಯಬೇಕಾದವರ ಹೆಸರು ಯಾವ ದಾಖಲೆಯಲ್ಲೂ ಇಲ್ಲ. ನೂರು ಯೆನ್ನಿನ ಚೀಟಿ ಕೊಂಡು, ಸೋತು, ಬುಟ್ಟಿಗೆ ಹಾಕಿ ಹೋದವರು ಅವರು. ಅವರಲ್ಲಿ ಕೆಲವರು ಮನೆಯ ಅಕ್ಕಿಯ ಕಾಸನ್ನೂ ಕಳೆದುಕೊಂಡಿರಬಹುದು. ಯಾವ ರೋಗಿಯನ್ನೂ ಉಳಿಸಬೇಕೆಂದು ಅವರು ಬಾಜಿ ಕಟ್ಟಲಿಲ್ಲ. ಉಳಿದವರಿಗೂ ಅವರು ಯಾರೆಂದು ಗೊತ್ತಿಲ್ಲ. ಪಾಪದ ದುಡ್ಡು, ಪುಣ್ಯದ ದುಡ್ಡು ಎಂದು ಚರಿತ್ರೆಕಾರ ಮೊಹರು ಹೊಡೆಯಲಾರ. ಹಣ ಯಾರ ಜೇಬಿನಿಂದ ಹೊರಟು ಯಾರ ಕೈ ಸೇರಿತು ಎಂಬ ಲೆಕ್ಕವನ್ನು ಪೂರ್ತಿ ಬರೆದಿಡಬಲ್ಲ. ಆ ಕಾಲಮಿನಲ್ಲಿ ಸದ್ಯಕ್ಕೆ ಹೀಗೆ ಬರೆದಿದ್ದೇನೆ: ಸೋತವರು.